ಪಂಕ್ತಿಯಿಂದ ಏಳದ ಅಜ್ಜನವರು

ಬಿಳಿಕಲ್ಲು ಮಠದ ದಾಸೋಹದಲ್ಲಿ ನಿಯಮ ಒಂದೇ. ಬಡಿಸಿದವರು ಉಣ್ಣುವ ತನಕ ಉಂಡವರು ಪಂಕ್ತಿಯಿಂದ ಏಳಬಾರದು; ಉಣ್ಣದವರು ಉಂಡೆನೆಂದು ಹೇಳಬಾರದು. ಬಡಿಸಿ ಮುಗಿದೊಡನೆ ಬಡಿಸಿದವರು ಪಾತ್ರೆಗಳ ಸಮೇತ ಬಂದು ಸಾಲಿನ ತುದಿಯಲ್ಲಿ ಕೂಡುತ್ತಾರೆ, ತಾವೇ ಹಾಕಿಕೊಂಡು ಉಣ್ಣುತ್ತಾರೆ. ಅಲ್ಲಿಯವರೆಗೆ ಉಳಿದವರು, ಎಂಜಲುಗೈ ಒಣಗಿದರೂ ಸರಿ, ಕೂತಿರಬೇಕು. ಶಾಸಕನಿಗೂ ಸಾಹುಕಾರನಿಗೂ ವಿನಾಯಿತಿ ಇಲ್ಲ. ಹುಬ್ಬಳ್ಳಿಯ ಹೊರಗಿನ ‘ಚಂದ್ರಶಾಲೆ’ ಎಂಬ ಹೋಟೆಲಿನಲ್ಲಿ ಒಂದು ಮಧ್ಯಾಹ್ನ ಈ ನಿಯಮವನ್ನು ಒಬ್ಬರ ಹೊರತು ಎಲ್ಲರೂ ಮುರಿದರು. ಉಂಡವರು ಮೊದಲ ಅರ್ಧವನ್ನು ಮುರಿದರು, ಬಡಿಸಿದವರು ಎರಡನೆಯದನ್ನು.

ಶ್ರೀ ಗುರುಶಾಂತ ಅಜ್ಜನವರು ಆ ಮಠದ ಪೀಠದಲ್ಲಿದ್ದದ್ದು ನಲವತ್ತೊಂದು ವರ್ಷ. ಮಠವೆಂದರೆ ದೊಡ್ಡದೇನಲ್ಲ. ಎರಡು ಅಂಕಣದ ಕಲ್ಲುಮನೆ, ಒಂದು ಸೇದುವ ಬಾವಿ, ಆರಲು ಬಿಡದ ಒಂದು ಒಲೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಲಿಯಿತು. ಒಂದು ಕಣ್ಣಿನ ಶಸ್ತ್ರಕ್ರಿಯೆ ಹುಬ್ಬಳ್ಳಿಯಲ್ಲಿ ಆಯಿತು. ನಾಲ್ಕು ದಿನ ಧೂಳು ತಾಗಬಾರದು, ಊರು ಬಿಡಬಾರದು ಎಂದರು ವೈದ್ಯರು. ಛತ್ರದಲ್ಲಿ ಇರುತ್ತೇವೆ ಎಂದು ಅಜ್ಜನವರು ಹೇಳುತ್ತಿದ್ದಂತೆ ಸಂಗಪ್ಪ ತೊರಗಲ್ಲ ಕಾಲಿಗೆ ಬಿದ್ದರು. ಚಂದ್ರಶಾಲೆಯ ಮಾಲೀಕರು ಅವರೇ. ಮಠದ ಹಳೆಯ ಭಕ್ತರು.

“ಹೋಟೆಲ್ ಅನಬ್ಯಾಡ್ರಿ ಅಜ್ಜಾರ. ಅದು ನನ್ನ ಮನಿ ಇದ್ದಾಂಗ.”

“ಮನಿ ಅಂದಿ ಹೌದಿಲ್ಲೋ?” ಎಂದರು ಅಜ್ಜನವರು. “ಹಂಗಾರ ಬರತೇವಿ.”

ಆ ಹೋಟೆಲಿನ ವ್ಯವಸ್ಥಾಪಕರು ಪ್ರಭಾಕರ ಹೆಬ್ಳೇಕರ, ಕಾರವಾರದ ಕಡೆಯವರು. ಈ ಪ್ರಸಂಗ ನಮಗೆ ತಿಳಿದದ್ದು ಅವರಿಂದಲೇ. ಆಗ ಅವರು ಬಿಳಿಕಲ್ಲಿನ ಹೆಸರನ್ನೂ ಕೇಳಿದವರಲ್ಲ. ಇಪ್ಪತ್ತು ವರ್ಷದ ಹೋಟೆಲ್ ಚಾಕರಿಯಲ್ಲಿ ಅವರು ಅನೇಕ ಸ್ವಾಮಿಗಳನ್ನು ಇಳಿಸಿಕೊಂಡಿದ್ದರು, ಕಳಿಸಿದ್ದರು. ಒಬ್ಬರಿಗೆ ಸ್ನಾನದ ತೊಟ್ಟಿ ತುಂಬ ಹಾಲು ಬೇಕಾಗಿತ್ತು. ಇನ್ನೊಬ್ಬರು ನಿರಾಹಾರಿಗಳೆಂದು ಹೆಸರಾದವರು. ಅವರ ಕೋಣೆಯಿಂದ ಬಾದಾಮಿ ಹಲ್ವದ ಖಾಲಿ ತಟ್ಟೆಗಳು ಮಾತ್ರ ತಪ್ಪದೆ ಹೊರಗೆ ಬರುತ್ತಿದ್ದವು. ಹೀಗಾಗಿ ಹೆಬ್ಳೇಕರರಿಗೆ ಕಾವಿಯ ಬಗ್ಗೆ ದ್ವೇಷವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ.

ಚಂದ್ರಶಾಲೆಯಾದರೂ ಎಂಥದ್ದು! ಒಳಗೆ ಕಾಲಿಟ್ಟರೆ ಮೂರು ಅಂತಸ್ತಿನ ಎತ್ತರದಿಂದ ಗಾಜಿನ ಗೋಡೆಯ ಮೇಲೆ ನೀರು ಜಾರುತ್ತಿತ್ತು. ಲಿಫ್ಟಿನೊಳಗೆ ಕೂಡಲು ಮಖಮಲ್ಲಿನ ಸೋಫಾ. ಕೈ ಒಡ್ಡಿದರೆ ತಾನೇ ಸುರಿಯುವ ಚಿನ್ನದ ಲೇಪದ ನಲ್ಲಿಗಳು. ಅಜ್ಜನವರಿಗೆ ಕೊಟ್ಟದ್ದು ಮೇಲಂತಸ್ತಿನ ಮಹಾರಾಜ ಕೋಣೆ. ಅಲ್ಲಿ ಅತಿಥಿಗೆ ಊಟದ ಪಟ್ಟಿಯ ಜೊತೆಗೆ ದಿಂಬಿನ ಪಟ್ಟಿಯನ್ನೂ ಕೊಡುತ್ತಿದ್ದರು. ಹಂಸದ ಗರಿಯದು, ಹುರುಳಿ ಹೊಟ್ಟಿನದು, ಲಾವಂಚದ್ದು, ಒಟ್ಟು ಒಂಬತ್ತು ಬಗೆ. ಹೆಬ್ಳೇಕರರು ಅದನ್ನು ಗಂಭೀರವಾಗಿ ಓದಿ ಹೇಳಿದರು.

ಅಜ್ಜನವರು ಪೂರ್ತಿ ಕೇಳಿಸಿಕೊಂಡರು. “ಒಂಬತ್ತು ದಿಂಬು,” ಎಂದರು, “ತಲಿ ಒಂದ. ಯಾವುದು ಹತ್ರ ಐತಿ ಅದನ್ನ ಕೊಡ್ರಿ.”

ಕೆಳಗೆ ಬಂದು ಹೆಬ್ಳೇಕರರು ಕೆಲಸದವರಿಗೆ ಹೇಳಿದರು: “ನೋಡ್ತಾ ಇರಿ, ನೆಲದ ಮೇಲೆ ಮಲಗ್ತಾರೆ. ಹಾಸಿಗೆ ಮುಟ್ಟೋದಿಲ್ಲ. ನಾಳೆ ಪೇಪರಿನಲ್ಲಿ ಫೋಟೋ ಬರುತ್ತೆ.”

ಅಜ್ಜನವರು ಹಾಸಿಗೆಯ ಮೇಲೆಯೇ ಮಲಗಿದರು. ಸೇವೆಗೆ ಬಂದಿದ್ದ ಮಹಾಂತಯ್ಯ ನೆಲದ ಮೇಲೆ ಕಂಬಳಿ ಹಾಸಲು ಹೋದಾಗ ತಡೆದು, “ಯಾರೋ ಬೆನ್ನು ಬಗ್ಗಿಸಿ ಹಾಸ್ಯಾರ. ಅವರ ಕೆಲಸಾ ಯಾಕ ಹಾಳ ಮಾಡೂದು?” ಎಂದರು. ಬೆಳಿಗ್ಗೆ ಇದನ್ನು ಕೇಳಿದ ಹೆಬ್ಳೇಕರರು ನಕ್ಕರು. ಸುಖ ಯಾರಿಗೆ ಬೇಡ? ಇವರಿಗೆ ಬೇರೆಯವರಷ್ಟು ನಟನೆಯೂ ಬರುವುದಿಲ್ಲ, ಅಷ್ಟೇ ಎಂದು ತೀರ್ಮಾನಿಸಿದರು. ಹಾಸಿದವರ ಮಾತು ಅವರ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಸಂಗಪ್ಪನವರು ಅಜ್ಜನವರ ಗೌರವಾರ್ಥ ಪ್ರಸಾದದ ಏರ್ಪಾಟು ಮಾಡಿದರು. ಬಂಧುಗಳು, ಮಠದ ಕಮಿಟಿಯವರು, ಊರಿನ ಗಣ್ಯರು, ಎಲ್ಲ ಸೇರಿ ಅರವತ್ತು ಜನ. ಚಿನ್ನದ ನೀರು ಕುಡಿಸಿದ ತಟ್ಟೆಗಳು, ಇಪ್ಪತ್ತೇಳು ಬಗೆಯ ಅಡಿಗೆ. ಬಿಳಿ ಕೈಗವಸು ತೊಟ್ಟ ಹದಿನಾಲ್ಕು ಜನ ಬಡಿಸಿದರು. ಹೆಬ್ಳೇಕರರೂ ಕೈಗವಸು ತೊಟ್ಟು ಅಜ್ಜನವರ ಹಿಂದೆಯೇ ನಿಂತಿದ್ದರು. ಆ ದಿನ ಅವರಿಗೆ ಹುಡುಗಾಟದ ದಿನವಾಗಿರಲಿಲ್ಲ. ಮುಂದಿನ ತಿಂಗಳು ಗೋವಾದಲ್ಲಿ ಸಂಗಪ್ಪನವರ ಇನ್ನೊಂದು ಹೋಟೆಲು ತೆರೆಯುವುದಿತ್ತು. ಅದರ ಮುಖ್ಯಸ್ಥರ ಹುದ್ದೆ ಹೆಬ್ಳೇಕರರಿಗೇ ಎಂದು ಮಾತಾಗಿತ್ತು. “ಇವತ್ತಿಂದು ಸುಸೂತ್ರ ಮುಗಸ್ರಿ, ಸಂಜೀಕ ಸಹಿ ಮಾಡತೇನಿ” ಎಂದಿದ್ದರು ಸಾಹುಕಾರರು.

ಅಜ್ಜನವರು ಒಂದೂವರೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಉಂಡರು. ಇಪ್ಪತ್ತೇಳರಲ್ಲಿ ಅವರ ತಟ್ಟೆಗೆ ಬಂದದ್ದು ಅಷ್ಟೇ. ಎರಡೂವರೆಗೆ ಪಂಕ್ತಿ ಎದ್ದಿತು. ಮಠದಲ್ಲಾದರೆ ಇವರೇ ಗಂಟೆಗಟ್ಟಲೆ ಕೈ ಒಣಗಿಸಿಕೊಂಡು ಕೂತವರು. ಇಲ್ಲಿ ಬಡಿಸುವವರು ಸಂಬಳದವರು, ಅವರಿಗೆ ನಿಯಮ ಅನ್ವಯಿಸುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಹಾಗೆ ನಡೆದುಕೊಂಡರು. ನಿಂಬೆಹೋಳು ತೇಲುವ ಬಟ್ಟಲಲ್ಲಿ ಬೆರಳದ್ದಿ, ಫೋಟೋಕ್ಕೆಂದು ಹೂದೋಟದ ಕಡೆ ನಡೆದರು. ಕಮಿಟಿಯ ಅಧ್ಯಕ್ಷರು ಎದ್ದರು. ಮಹಾಂತಯ್ಯನೂ ಎದ್ದ.

ಅಜ್ಜನವರು ಏಳಲಿಲ್ಲ. ಬಲಗೈಯನ್ನು ತಟ್ಟೆಯ ಮೇಲೆ ಹಾಗೆಯೇ ಇಟ್ಟುಕೊಂಡು ಕೂತಿದ್ದರು.

“ಏಳ್ರಿ ಅಜ್ಜಾರ,” ಎಂದು ಸಂಗಪ್ಪನವರು ಬಗ್ಗಿದರು. “ಎಲ್ಲಾರೂ ತಮ್ಮನ್ನ ಕಾಯಾಕತ್ತಾರ.”

“ಬಡಿಸಿದವರು ಉಂಡ್ರೇನು ಸಂಗಪ್ಪಾ?”

“ಉಂಡಾರ್ರೀ. ಅವರಿಗೆ ಕೆಳಗ ಬ್ಯಾರೆ ವ್ಯವಸ್ಥಾ ಐತಿ.”

“ನೀ ನೋಡಿದೇನು?”

ಸಂಗಪ್ಪನವರು ಹೂದೋಟದ ಕಡೆ ತಿರುಗಿ ನೋಡಿದರು. ಅಜ್ಜನವರ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ. ಎದುರಿಗೆ ತಟ್ಟೆ ತೆಗೆಯಲು ಬಂದವನ ಬಿಳಿ ಅಂಗಿ ಮಾತ್ರ ಮಬ್ಬಾಗಿ ಕಂಡಿರಬೇಕು. “ಯಾರಪ್ಪಾ ನೀನು?” ಎಂದರು.

“ಶಿವಪುತ್ರ ರೀ.” ಐವತ್ತರ ಮನುಷ್ಯ. ಬೆಳಿಗ್ಗೆ ಆರಕ್ಕೆ ಬಂದವನು.

“ಉಂಡೇನು ಶಿವಪುತ್ರಾ?”

“ಆಯ್ತ್ರೀ, ತಮ್ಮ ದಯಾ.”

ಈ ಉತ್ತರ ಶಿವಪುತ್ರನದಲ್ಲ. ಅದನ್ನು ಕಲಿಸಿದವರು ಹೆಬ್ಳೇಕರರು. ಅತಿಥಿ ಊಟವಾಯಿತೇ ಎಂದು ಕೇಳಿದರೆ ‘ಆಯಿತು, ತಮ್ಮ ದಯೆ’ ಎನ್ನಬೇಕು. ಉಪವಾಸದ ಮಾತು ಅತಿಥಿಯ ಬಾಯಿರುಚಿ ಕೆಡಿಸುತ್ತದೆ. ಹೊಸಬರಿಗೆ ಮೊದಲ ದಿನದ ಪಾಠವೇ ಇದು. ಎರಡು ವರ್ಷದ ಹಿಂದೆ ಮಡಿವಾಳಪ್ಪನೆಂಬುವನು ಒಬ್ಬ ವಿದೇಶಿ ಹೆಂಗಸಿಗೆ ‘ಬೆಳಿಗ್ಗೆಯಿಂದ ಏನೂ ಇಲ್ಲ’ ಎಂದು ನಿಜ ಹೇಳಿದ್ದ. ಆಕೆ ತನ್ನ ಊಟ ಬಿಟ್ಟೆದ್ದಳು. ಮರುದಿನ ಮಡಿವಾಳಪ್ಪನಿಗೆ ಕೆಲಸವಿರಲಿಲ್ಲ. ಕಳಿಸಿದವರೂ ಹೆಬ್ಳೇಕರರೇ.

ಪಾಠವನ್ನು ಶಿವಪುತ್ರ ತಪ್ಪಿಲ್ಲದೆ ಒಪ್ಪಿಸಿದ. ಆದರೆ ಒಪ್ಪಿಸಿ ಮುಗಿಸುವಷ್ಟರಲ್ಲಿ ಅವನ ಹೊಟ್ಟೆ ಗೊರ್ರೆಂದಿತು. ಆ ದೊಡ್ಡ ಭೋಜನಶಾಲೆ ಖಾಲಿಯಾಗಿತ್ತು, ಎಲ್ಲರಿಗೂ ಕೇಳಿಸಿತು.

“ನಿನ್ನ ಬಾಯಿ ಒಂದ ಹೇಳತೈತಿ, ಹೊಟ್ಟಿ ಒಂದ ಹೇಳತೈತಿ,” ಎಂದರು ಅಜ್ಜನವರು. “ನಾ ಯಾರ ಮಾತ ನಂಬಲೋ?”

ಹಿಂದೆ ಸಾಲಾಗಿ ನಿಂತಿದ್ದವರು ನಗು ತಡೆಯಲಾರದೆ ಮುಖ ತಿರುಗಿಸಿದರು. ಅಜ್ಜನವರು ಅವರನ್ನೂ ಒಬ್ಬೊಬ್ಬರಾಗಿ ಕೇಳಿದರು. ಆಯ್ತ್ರೀ, ಆಯ್ತ್ರೀ, ಆಯ್ತು ತಮ್ಮ ದಯಾ. ಹದಿನಾಲ್ಕು ಜನರದೂ ಒಂದೇ ಮಾತು, ಒಂದೇ ರಾಗ. ಕೊನೆಕೊನೆಗೆ ಯಾರೂ ನಗುತ್ತಿರಲಿಲ್ಲ. ಅಜ್ಜನವರ ಕೈ ಅಷ್ಟರಲ್ಲಿ ಒಣಗಿತ್ತು. ಮೊಸರು ಬೆರಳುಗಳ ಮೇಲೆ ಬಿಳಿ ಗೆರೆಗಳಾಗಿತ್ತು.

ಸಂಗಪ್ಪನವರು ಹೆಬ್ಳೇಕರರನ್ನು ಕಂಬದ ಹಿಂದಕ್ಕೆ ಕರೆದೊಯ್ದರು. “ಮೂರೂವರಿಗೆ ಮದುವಿ ನಿಶ್ಚಯದ ಪಾರ್ಟಿ ಐತಿ. ಹಾಲ್ ಯಾವಾಗ ತಯಾರ ಮಾಡತೀರಿ?”

“ಇವರಿಗೆ ಅರ್ಧ ಗಂಟೆ ಬಿಟ್ಟುಕೊಟ್ಟರೆ ಕೆಳಗೆ ಹೋಗಿ ಉಂಡು…”

“ಅರ್ಧ ತಾಸು ಎಲ್ಲೈತ್ರೀ? ನೀವ ಹೋಗಿ ಹೇಳಿಬಿಡ್ರಿ, ನಾನ ಖುದ್ದ ನಿಂತು ಉಣಿಸೇನಿ ಅಂತ. ನಿಮ್ಮ ಮಾತಂದ್ರ ನಂಬತಾರ.” ದನಿ ತಗ್ಗಿಸಿದರು. “ಅಜ್ಜಾರಿಗೆ ಕಣ್ಣೂ ಕಾಣೂದಿಲ್ಲ.”

ಮಾತು ಆಡಿದ ಮೇಲೆ ಸಂಗಪ್ಪನವರಿಗೇ ಕೆಡುಕೆನಿಸಿರಬೇಕು, ಗಡಿಯಾರ ನೋಡಿಕೊಂಡರು. ಹೆಬ್ಳೇಕರರು ತಲೆಯಾಡಿಸಿದರು. ಇಪ್ಪತ್ತು ವರ್ಷ ಇಂಥದ್ದಕ್ಕೆ ತಲೆಯಾಡಿಸಿದವರೇ. ಇನ್ನೊಂದು ಸಲ ಆಡಿಸಿದರೆ ಗೋವಾ. ಅವರು ಅಜ್ಜನವರ ಹತ್ತಿರ ಬಂದು ನಿಂತರು. ಸಂಗಪ್ಪನವರೂ ಹಿಂದೆಯೇ ಬಂದರು.

ಅಜ್ಜನವರು ಸಂಗಪ್ಪನವರ ಕಡೆ ಮುಖ ಮಾಡಿದರು. “ಇದು ಮನಿ ಅಂದಿದ್ದಿ. ಮನಿ ಅಂತ ಬಂದೇವಿ. ಮನ್ಯಾಗ ಬಡಿಸಿದವರು ನಿಂತಿರತಾರ, ಉಂಡವರು ಎದ್ದು ಹೋಗತಾರೇನು?”

ಆಮೇಲೆ ಹೆಬ್ಳೇಕರರತ್ತ ತಿರುಗಿದರು. ಅವರು ಏನು ಹೇಳಲು ಬಂದಿದ್ದಾರೆಂದು ಕೇಳಲಿಲ್ಲ. ನಾಲ್ಕು ದಿನದಲ್ಲಿ ಆ ಹೋಟೆಲಿನಲ್ಲಿ ಹೆಬ್ಳೇಕರರನ್ನು ಯಾರೂ ಕೇಳದ ಮಾತೊಂದನ್ನು ಕೇಳಿದರು. ನಾಲ್ಕು ದಿನವೇನು, ಇಪ್ಪತ್ತು ವರ್ಷದಲ್ಲೇ ಯಾರೂ ಕೇಳಿರಲಿಲ್ಲ.

“ನೀವು ಉಂಡ್ರೇನ್ರೀ?”

ಹೆಬ್ಳೇಕರರ ನಾಲಿಗೆಗೆ ಉತ್ತರ ತಾನಾಗಿ ಬಂತು. ತಮ್ಮ ದಯೆ ಎಂಬ ಮಾತಿನವರೆಗೂ ಬಂತು. ಬೆಳಿಗ್ಗೆ ಐದಕ್ಕೆ ಕುಡಿದ ಚಹಾ ಬಿಟ್ಟರೆ ಅವರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಇದು ಇವತ್ತಿನ ಸುದ್ದಿಯೂ ಅಲ್ಲ. ಎದುರಿಗೆ, ಚಿನ್ನದ ತಟ್ಟೆಯ ಮೇಲೆ, ಎಪ್ಪತ್ತೆಂಟು ವರ್ಷದ ಒಂದು ಕೈ ಒಣಗಿ ಬಿದ್ದಿತ್ತು. ಆ ಕೈ ಕಾಯುತ್ತಿದ್ದದ್ದು ಶಿವಪುತ್ರನಿಗಾಗಿ ಮಾತ್ರವಲ್ಲ ಎಂದು ಅವರಿಗೆ ಆಗ ಗೊತ್ತಾಯಿತು. ಮಡಿವಾಳಪ್ಪ ನೆನಪಾದ. ಅವನು ಹೇಳಿದ್ದು ಒಂದೇ ಒಂದು ನಿಜ. ಅದಕ್ಕಾಗಿ ಅವನನ್ನು ಗೇಟಿನವರೆಗೆ ಕಳಿಸಿ ಬಂದು ತಾವು ಎಂದಿನಂತೆ ಲಾಬಿಯಲ್ಲಿ ಹೂವು ಜೋಡಿಸಿದ್ದರು.

“ಹೇಳ್ರೀ,” ಎಂದು ಸಂಗಪ್ಪನವರು ಹಿಂದಿನಿಂದ ಪಿಸುಗುಟ್ಟಿದರು.

“ಇಲ್ಲ ಅಜ್ಜಾ,” ಎಂದರು ಹೆಬ್ಳೇಕರರು. “ನಾನು ಉಂಡಿಲ್ಲ. ಇವರು ಯಾರೂ ಉಂಡಿಲ್ಲ. ಸುಳ್ಳು ಹೇಳೋದನ್ನ ಇವರಿಗೆ ಕಲಿಸಿದವನು ನಾನೇ.”

ಸಂಗಪ್ಪನವರು ಅವರ ಹೆಸರು ಹಿಡಿದು ಕರೆದರು. ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ. ಹೆಬ್ಳೇಕರರು ಎರಡೂ ಕೈಗವಸುಗಳನ್ನು ಕಳಚಿ ಮಡಿಸಿ ಮೇಜಿನ ಮೇಲಿಟ್ಟರು. ಕೆಲಸದವರು ಅತಿಥಿಗಳೆದುರು ಕೂಡಬಾರದೆಂದು ತಾವೇ ಬರೆದು ಗೋಡೆಗೆ ಅಂಟಿಸಿದ್ದ ಆ ಭೋಜನಶಾಲೆಯಲ್ಲಿ, ಶಿವಪುತ್ರನಿಗೊಂದು ಕುರ್ಚಿ ಎಳೆದುಕೊಟ್ಟು, ರೊಟ್ಟಿಯ ಬುಟ್ಟಿಯನ್ನು ಹತ್ತಿರ ಸರಿಸಿ, ಅಜ್ಜನವರ ಎದುರಿಗೆ ಕೂತರು.