ಕಿರ್ರೆನ್ನುವ ಸ್ಟೂಲು

ಹಳೆಯ ಮರದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅಜ್ಜಂದಿರ ಕಾಲದ ಎರಡು ಸ್ಟೂಲುಗಳಿದ್ದವು, ಒಂದು ತೇಗದ್ದು, ಇನ್ನೊಂದು ಬೀಟೆಯದು. ಯಾರು ಕೂತರೂ ತೇಗದ್ದು ಕಿರ್ರೆನ್ನುತ್ತಿತ್ತು. ಈ ವಾರವೂ ಮಾರಾಟವಾಗದಿದ್ದರೆ ಅದರ ಕಾಲು ಕಿತ್ತು ಬೇರೆ ಸ್ಟೂಲಿಗೆ ಹಾಕುತ್ತೇನೆಂದು ಅಂಗಡಿಯ ಲೋಕಪ್ಪ ಹೇಳಿಬಿಟ್ಟಿದ್ದ.

ಅಷ್ಟರಲ್ಲಿ ಕಸ್ತೂರಮ್ಮ ಎಂಬಾಕೆ ಸ್ಟೂಲು ಕೊಳ್ಳಲು ಬಂದರು.

“ಇವತ್ತಾದರೂ ಬಾಯಿ ಮುಚ್ಚಿಕೊಂಡಿರು,” ಎಂದಿತು ಬೀಟೆ. “ನಾನು ಯಾರೆದುರಿಗಾದರೂ ತುಟಿ ಬಿಚ್ಚಿದ್ದುಂಟೇ?”

“ನಿನಗೆ ಎಲ್ಲೂ ನೋಯುವುದೇ ಇಲ್ಲವೇ, ಅಣ್ಣ?” ತೇಗಕ್ಕೆ ನಿಜವಾಗಿಯೂ ತಿಳಿಯುವ ಆಸೆ.

“ನೋವು ನಮ್ಮೊಳಗಿನ ಮಾತು. ಗಿರಾಕಿಗೆ ತೋರಿಸಬೇಕಾದ್ದು ಪಾಲಿಶ್.”

ಕಸ್ತೂರಮ್ಮ ಬೀಟೆಯ ಮೇಲೆ ಕೂತು ಎಡಕ್ಕೂ ಬಲಕ್ಕೂ ವಾಲಿದರು. ಸದ್ದೇ ಇಲ್ಲ. ಎದ್ದು ಬಗ್ಗಿ ನೋಡಿದರೆ, ಅದರ ಕಾಲಿನ ಬುಡದಲ್ಲಿ ಹುಳ ಕೊರೆದ ಮರದ ಹುಡಿ ಚಿಟಿಕೆಯಷ್ಟು ಉದುರಿತ್ತು. ಆಮೇಲೆ ತೇಗದ ಮೇಲೆ ಕೂತರು. ಅದು ಉಸಿರು ಬಿಗಿಹಿಡಿಯಿತು. ಆದರೂ ಅವರು ಬಲಕ್ಕೆ ವಾಲಿದಾಗ ತಡೆಯಲಾಗದೆ ಕಿರ್ರೆಂದಿತು. ಇನ್ನು ನನ್ನ ಕಾಲುಗಳು ಹೋದವು ಎಂದುಕೊಂಡಿತು. ಕಸ್ತೂರಮ್ಮ ಮತ್ತೊಮ್ಮೆ ವಾಲಿ ಕಿವಿಗೊಟ್ಟರು. ಕೈಯಿಳಿಸಿ ಸ್ಟೂಲಿನ ಬಲಗಾಲಿನ ಕೀಲು ಮುಟ್ಟಿ ನೋಡಿದರು.

“ಇದನ್ನೇ ಕೊಡಿ.”

“ಅಯ್ಯೋ ಅಕ್ಕಾ, ಅದು ಬಾಯಿಬಡುಕ!” ಎಂದ ಲೋಕಪ್ಪ.

“ಎಲ್ಲಿ ಸಡಿಲ ಅಂತ ಇದೇ ಹೇಳಿತಲ್ಲಪ್ಪ, ಒಂದು ಬೆಣೆ ಹೊಡೆದರೆ ಆಯಿತು. ಆ ಬೀಟೆಯದನ್ನು ಕೇಳಿದರೆ, ನಾನು ಬಿದ್ದ ಮೇಲೇ ಉತ್ತರ ಸಿಗೋದು.”