ಎತ್ತಿಟ್ಟ ಹಿಡಿ ಹಿಟ್ಟು

“ಅಯ್ಯನವರೇ, ಇನ್ನೊಬ್ಬರ ಬದುಕಿನ ಕತೆ ಕೇಳಿದರೆ ನನ್ನ ದುಃಖ ಹೇಗೆ ಕಡಿಮೆಯಾದೀತು?” ಎಂದು ಜಯಶೀಲ ಕೇಳಿದ.

ಅವನು ಕ್ರೈಸ್ತ ಸಭೆಯ ಬೋಧಕನಾಗಲು ಪಾದ್ರಿ ಅಯ್ಯನವರ ಬಳಿ ಕಲಿಯುತ್ತಿದ್ದವನು. ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಆ ಭಾನುವಾರ ಆರಾಧನೆಯಲ್ಲಿ ಮುದುಕಿಯೊಬ್ಬಳು ಎದ್ದು ನಿಂತು, ದೇವರು ತನ್ನನ್ನು ನಡೆಸಿಕೊಂಡು ಬಂದ ಬಗೆಯನ್ನು ಸಾಕ್ಷಿಯಾಗಿ ಹೇಳಿದ್ದಳು. ಎಲ್ಲರ ಕಣ್ಣೂ ಒದ್ದೆಯಾಗಿತ್ತು. ಜಯಶೀಲನಿಗೆ ಮಾತ್ರ ಸಿಟ್ಟು ಬಂದಿತ್ತು. ಎಲ್ಲ ಬಿಟ್ಟು ಊರಿಗೆ ಹೋಗುತ್ತೇನೆಂದು ಗಂಟು ಕಟ್ಟಿಕೊಂಡೇ ಬಂದಿದ್ದ.

“ಮೊದಲು ಗಂಟು ಕೆಳಗಿಡು. ಹೊರೆ ಹೊತ್ತುಕೊಂಡು ಕತೆ ಕೇಳಲು ಆಗುವುದಿಲ್ಲ,” ಎಂದು ಅಯ್ಯನವರು ಹೇಳತೊಡಗಿದರು.

ಒಬ್ಬ ರೊಟ್ಟಿಗಾರನಿದ್ದ. ಕೇರಿಗೆಲ್ಲ ಅವನ ಭಟ್ಟಿಯದೇ ರೊಟ್ಟಿ. ಹಿಟ್ಟು ನಾದುವುದು ಅವನ ಕೆಲಸ. ನಾದಿದ್ದರಲ್ಲಿ ಒಂದು ಹಿಡಿ ತೆಗೆದು, ಮರುದಿನದ ಹಿಟ್ಟನ್ನು ಉಬ್ಬಿಸುವ ಹುಳಿಗೆಂದು ಮಡಕೆಯಲ್ಲಿ ಎತ್ತಿಡುವುದು ಹೆಂಡತಿಯ ಕೆಲಸ. ಮದುವೆಯಾದ ವರ್ಷ ಅವಳು ತವರಿನಿಂದ ತಂದ ಹುಳಿ ಅದು. ದಿನವೂ ಹಿಟ್ಟು ಹೊಸದು, ಹುಳಿ ಅದೇ.

ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಮಣ್ಣು ಮಾಡಲು ಬಂದವರಿಗೆಲ್ಲ ರೊಟ್ಟಿ ಹಾಕಬೇಕೆಂದು ರೊಟ್ಟಿಗಾರ ಇದ್ದಬದ್ದ ಹಿಟ್ಟನ್ನೆಲ್ಲ ನಾದಿ ಸುಟ್ಟ. ಒಂದು ಹಿಡಿ ಎತ್ತಿಡಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ. ಅದು ಎಂದೂ ಅವನ ಕೆಲಸವಾಗಿರಲಿಲ್ಲವಲ್ಲ! ಮರುದಿನ ಮುಚ್ಚಳ ತೆರೆದರೆ ಮಡಕೆ ಬರಿದು. ಹೊಸ ಹುಳಿ ಮಾಡಿಕೊಳ್ಳುವುದೇನೂ ದೊಡ್ಡ ವಿದ್ಯೆಯಲ್ಲ, ನಾಲ್ಕಾರು ದಿನ ಸಾಕು. ಆದರೆ ಅವಳದೆಂದು ಉಳಿದಿದ್ದ ಒಂದನ್ನೂ ಕೈಯಾರೆ ಸುಟ್ಟೆನಲ್ಲ ಎಂಬ ಸಂಕಟ ಅವನನ್ನು ಹಿಂಡಿತು. ಭಟ್ಟಿ ಆರಿತು. ತಿಂಗಳಾದರೂ ಅವನು ಹಚ್ಚಲಿಲ್ಲ. ಬುದ್ಧಿ ಹೇಳಿ ಹೇಳಿ ಕೇರಿಯವರು ಸೋತರು.

ಒಂದು ಸಂಜೆ ಪಕ್ಕದ ಊರಿನ ವಿಧವೆಯೊಬ್ಬಳು ಬಂದು ಅವನ ಮುಂದೆ ಒಂದು ಮಡಕೆ ಇಟ್ಟಳು.

“ಅಣ್ಣಾ, ನಮ್ಮ ಯಜಮಾನ್ರು ಹೋದಾಗ ನಿಮ್ಮನೆ ಅಕ್ಕ ನಂಗೆ ಒಂದು ಹಿಡಿ ಹುಳಿಹಿಟ್ಟು ಕೊಟ್ಟಿದ್ರು. ‘ಕರ್ತನು ಕೈಬಿಡಲ್ಲ. ಅಳು ಬಂದ್ರೆ ಅಳು, ಆದ್ರೆ ದಿನಾ ಒಂದು ಹಿಡಿ ಎತ್ತಿಡೋದು ಮರೀಬೇಡ’ ಅಂದಿದ್ರು. ಏಳು ವರ್ಷದಿಂದ ರೊಟ್ಟಿ ಮಾರಿ ಮೂರು ಮಕ್ಕಳನ್ನ ಸಾಕ್ತಾ ಇದೀನಿ. ಇದು ಅಕ್ಕನದೇ ಹುಳಿ. ತಗೊಳ್ಳಿ.”

ರೊಟ್ಟಿಗಾರ ಮಡಕೆ ಎತ್ತಿಕೊಂಡ. ಮುಚ್ಚಳ ತೆಗೆದು ಮೂಸಿದ. ಅದೇ ವಾಸನೆ. ಹಿಟ್ಟು ತಂದು ಅದರೊಡನೆ ನಾದಿ, ಬಟ್ಟೆ ಮುಚ್ಚಿಟ್ಟ. ಬೆಳಿಗ್ಗೆ ನೋಡಿದರೆ ಹಿಟ್ಟು ಉಬ್ಬಿ ಬಟ್ಟೆಯನ್ನೇ ಎತ್ತಿಕೊಂಡು ನಿಂತಿತ್ತು. ಅವನು ಅಳುತ್ತಲೇ ಮೊದಲು ಒಂದು ಹಿಡಿ ತೆಗೆದು ಎತ್ತಿಟ್ಟ. ಆಮೇಲೆ ಭಟ್ಟಿ ಹಚ್ಚಿದ.

ಜಯಶೀಲ ಎದ್ದು ಮತ್ತೆ ಗಂಟಿಗೆ ಕೈಹಾಕಿದ.

“ಕತೆಯೊಳಗಿನ ಹಿಟ್ಟು ಯಾವಾಗಲೂ ಉಬ್ಬುತ್ತದೆ ಅಯ್ಯನವರೇ. ಅದರಿಂದ ಯಾರ ಹೊಟ್ಟೆ ತುಂಬಿತು ಹೇಳಿ?”

“ನನ್ನ ಹೊಟ್ಟೆ ತುಂಬಿತಪ್ಪಾ; ಆ ತಾಯಿಯ ಮೂರು ಮಕ್ಕಳಲ್ಲಿ ಕಿರಿಯವನು ನಾನು.”