ಕೂಗದ ಮನೆಯ ಬೆಂಕಿ

"ಕೇಳಿರಪ್ಪೋ ಕೇಳಿ! ಅರಸುಮಗಳು ಚೆಲುವಾಂಬೆ ಮೂರು ಒಗಟು ಹಾಕುತ್ತಾಳೆ. ಒಡೆದವನಿಗೆ ಅವಳನ್ನೇ ಕೊಟ್ಟು ಮದುವೆ. ಸೋತವನಿಗೆ ಕತ್ತಿ!"

ಡಂಗುರಕ್ಕೆ ಕತ್ತಿಯ ಮಾತು ಸೇರಿಸಿದವನು ಅವಳ ಅಪ್ಪ, ಹೊನ್ನಗಿರಿಯ ಅರಸ ಮಾರಸಿಂಗ. ಮೂರು ಹೊತ್ತೂ ತುಪ್ಪದಲ್ಲೇ ಕೈತೊಳೆಯುವ ಆಸಾಮಿ. ತನ್ನ ಬಾಯಿಗೆ ಬೀಗವಿಲ್ಲದವನು ಊರ ಬಾಯಿಗೆಲ್ಲ ಬೀಗ ಹಾಕಿದ್ದ: ಅರಸನ ತಟ್ಟೆಯ ಬಗ್ಗೆ ಸೊಲ್ಲೆತ್ತಿದರೆ ತಲೆ ಹೋಯಿತು. ಎಚ್ಚರಿಸಿದ ವೈದ್ಯ ಗಡಿಪಾರಾಗಿದ್ದ. ಅಪ್ಪನ ಕಣ್ಣು ಹಳದಿಯಾಗುತ್ತಿತ್ತು. ಅವನನ್ನು ಎಚ್ಚರಿಸಲು ಮಗಳಿಗೆ ಉಳಿದದ್ದು ಒಗಟಿನ ದಾರಿಯೊಂದೇ.

ಸಭೆ ಸೇರಿತು. ಚೆಲುವಾಂಬೆ ಕೇಳಿದಳು: "ಒಂದು ಮನೆ, ತುಂಬ ದೀಪಗಳು. ಹೊಸದು ತಂದಿಲ್ಲ, ಹಳೆಯದು ತೆಗೆದಿಲ್ಲ. ಆದರೂ ಕಾಲ ಕಳೆದಂತೆ ಉರಿಯುವ ದೀಪವೇ ಬೇರೆ, ಆರುವ ದೀಪವೇ ಬೇರೆ. ಯಾವ ಮನೆ?"

ಒಬ್ಬ ರಾಜಕುಮಾರ "ಆಕಾಶ" ಎಂದ. ಇನ್ನೊಬ್ಬ "ಅರಮನೆ" ಎಂದ. ಇಬ್ಬರ ಕೈಗೂ ಹಗ್ಗ ಬಿತ್ತು. ಸಂಜೆಗೆ ಕತ್ತಿ.

ಆಗ ಎದ್ದವನು ಕೆಂಚ. ವಿಷವಿದೆಯೇ ಎಂದು ಅರಸನಿಗಿಂತ ಮೊದಲು ರುಚಿ ನೋಡುವ ಆಳು. ಅರಸ ಉಂಡದ್ದನ್ನೆಲ್ಲ ಅವನೂ ಉಂಡಿದ್ದ.

"ಈಲಿ, ತಾಯಿ. ಬಲಪಕ್ಕೆ ಕೆಳಗಿರೋದು. ವೈದ್ಯಪ್ಪ ಯಕೃತ್ತು ಅಂತಿದ್ರು. ನನ್ನ ಪಕ್ಕೆ ಒತ್ತಿ ನೋಡಿ ಹೇಳಿದ್ರು, ಅದರೊಳಗೆ ಕೆಲಸಕ್ಕೊಂದು ದೀಪ ಐತಂತೆ. ನಾವೇನು ಉಣ್ತೀವಿ, ಎಷ್ಟು ಕಾಲದಿಂದ ಉಣ್ತೀವಿ ಅನ್ನೋದರ ಮೇಲೆ ಹತ್ತುತ್ವೆ, ಆರುತ್ವೆ."

ಚೆಲುವಾಂಬೆ ತಲೆದೂಗಿ ಎರಡನೆಯದನ್ನು ಕೇಳಿದಳು: "ಒಬ್ಬ ನೆಂಟ ಬಂದ. ಮೊದಲು ಎಲ್ಲರೂ ಎದ್ದು ಉಪಚರಿಸಿದರು. ಅವನು ಹೋಗಲೊಲ್ಲ ಎಂದಾಗ ಮೂಲೆಮೂಲೆಗೆ ಹಾಸಿಗೆ ಹಾಸಿದರು. ಕೊನೆಗೆ ಕಾವಲುಗಾರರು ಕೆರಳಿ ಸ್ವಂತ ಗೋಡೆಯನ್ನೇ ಬಡಿದರು. ನೆಂಟ ಯಾರು?"

"ತುಪ್ಪ, ತಾಯಿ. ಮೊದಲು ಕರಗಿಸೋ ದೀಪ ಹತ್ತುತ್ತೆ. ಆಮೇಲೆ ಕೂಡಿಡೋ ದೀಪ. ಕಡೆಗೆ ಈಲಿಯನ್ನೇ ಸುಡೋ ಉರಿಯ ದೀಪ."

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. ಚೆಲುವಾಂಬೆ ಮೂರನೆಯದನ್ನು ಕೇಳಿದಳು.

"ಮನೆಗೆ ಬೆಂಕಿ ಬಿದ್ದಿದೆ, ಮನೆ ಕೂಗುವುದಿಲ್ಲ. ಯಜಮಾನ ಉಣ್ಣುತ್ತಲೇ ಇದ್ದಾನೆ. ಅವನು ಯಾರು?"

ಉತ್ತರ ಸಭೆಗೆಲ್ಲ ಹೊಳೆಯಿತು. ಹೇಳಿದರೆ ಅಪ್ಪಣೆ ಮೀರಿದ ತಪ್ಪು, ಹೇಳದಿದ್ದರೆ ಸೋಲು. ಅತ್ತ ದರಿ, ಇತ್ತ ಪುಲಿ. ಕೆಂಚ ಅರಸನ ಕಡೆ ತಿರುಗಿ ಕೈಮುಗಿದ.

"ಇಬ್ಬರು ಅವ್ರೆ, ಬುದ್ಧೀ. ಒಬ್ಬ ನಾನು. ಇನ್ನೊಬ್ಬರು, ನಾನು ರುಚಿ ನೋಡಿದ ಮೇಲೆ ಉಣ್ಣೋರು."

ಅರಸ ಅವನನ್ನೇ ದಿಟ್ಟಿಸಿದ. ಕತ್ತಿ ಬಿಟ್ಟ ಕೈ ಮೆಲ್ಲಗೆ ತನ್ನ ಬಲಪಕ್ಕೆಗೆ ಹೋಯಿತು.

"ಆರುತ್ತದೇನೋ, ಈ ಬೆಂಕಿ?"

"ಈಗಲೇ ತಟ್ಟೆ ಬದಲಿಸಿದರೆ ಎಷ್ಟೋ ದೀಪ ಮೊದಲಿನಂಗೆ ಆಗ್ತವಂತೆ. ತಡವಾದರೆ ಗೋಡೆ ನಿಲ್ಲಲ್ಲ, ಬುದ್ಧೀ."

ರಾಜಕುಮಾರರ ಹಗ್ಗ ಬಿಚ್ಚಿದರು. ವೈದ್ಯನಿಗೆ ಪಲ್ಲಕ್ಕಿ ಹೋಯಿತು. ಚೆಲುವಾಂಬೆ ಅಳುತ್ತಲೇ ಕೆಂಚನಿಗೆ ಹಾರ ಹಾಕಿದಳು.

ಅಳಿಯನಾದರೂ ಮೊದಲ ತುತ್ತು ಅವನದೇ. ಮದುವೆಯ ಊಟಕ್ಕೆ ಬಂದದ್ದು ರಾಗಿಮುದ್ದೆ, ಸೊಪ್ಪಿನ ಸಾರು. ಅರಸ ಮುಖ ಸಿಂಡರಿಸಿ ಕೇಳಿದ, "ವಿಷ ಇದೆಯೇನೋ?"

ಕೆಂಚ ನುಂಗಿ ಹೇಳಿದ, "ಇವತ್ತು ಇಲ್ಲ, ಮಾವ."